ಸೊಂಟಕ್ಕೆ ಹಗ್ಗ ಸುತ್ತಿದವನು

ದೇರಣ್ಣನ ಸೊಂಟದ ಸುತ್ತ ಒಂದು ಗೆರೆ ಇತ್ತು. ಉಡಿದಾರ ಕಟ್ಟುವ ಜಾಗದಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ಉಳುವ ಕೋಣದ ಹೆಗಲಿನಲ್ಲಿ ನೊಗದ ಗುರುತು ಬಿದ್ದ ಹಾಗೆ ಬಿದ್ದಿತ್ತು. ಸೆಕೆಗೆ ಅಂಗಿ ಕಳಚಿ ನಮ್ಮ ಕ್ಯಾಂಟೀನಿನ ಬೆಂಚಿನಲ್ಲಿ ಕೂತಾಗ ಅದು ಎಲ್ಲರಿಗೂ ಕಾಣುತ್ತಿತ್ತು. ಹೊಸಬರು ಯಾರಾದರೂ ಕೇಳಿದರೆ, “ಅದು ನನ್ನ ಸರ್ಟಿಫಿಕೇಟು” ಎನ್ನುತ್ತಿದ್ದ.

ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಏರು ಹತ್ತಿದರೆ ಎಡಕ್ಕೆ ಸಿಗುವ ನಾದಶ್ರೀ ಕಲಾಮಂದಿರದಲ್ಲಿ ಪರದೆ ಎಳೆಯುವುದು ಅವನ ಕೆಲಸ. ಬಾಗಿಲು ತೆಗೆಯುವುದು, ಗುಡಿಸುವುದು, ಬಾವಲಿ ಓಡಿಸುವುದು ಎಲ್ಲವನ್ನೂ ಅವನೇ ಮಾಡುತ್ತಿದ್ದರೂ ಅದನ್ನೆಲ್ಲ ಅವನು ಕೆಲಸವೆಂದು ಹೇಳಿಕೊಂಡವನಲ್ಲ. ಆಗಿನ ಪರದೆ ಎಂದರೆ ದಪ್ಪ ಕ್ಯಾನ್ವಾಸು, ಅದರ ಮೇಲೆ ವೀಣೆ ಹಿಡಿದ ಸರಸ್ವತಿಯ ಚಿತ್ರ, ಅಡಿಯಲ್ಲಿ ಉದ್ದದ ಒಂದು ಮರದ ದಿಂಡು. ಹಗ್ಗ ಎಳೆದರೆ ದಿಂಡು ಉರುಳಿ, ಪರದೆ ಚಾಪೆಯ ಹಾಗೆ ಸುತ್ತಿಕೊಂಡು ಮೇಲೆ ಹೋಗಬೇಕು. ಬರೀ ಕೈಯಲ್ಲಿ ಎಳೆಯಲಿಕ್ಕೆ ಇಬ್ಬರು ಗಂಡಸರು ಬೇಕು. ದೇರಣ್ಣ ಒಬ್ಬನೇ ಎಳೆಯುತ್ತಿದ್ದ. ರಂಗದ ಬದಿಯಲ್ಲಿ, ಜನರಿಗೆ ಕಾಣದ ಕಡೆ ನಿಂತು, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಮೈಯ ಭಾರವನ್ನೆಲ್ಲ ಒಮ್ಮೆಗೇ ಹಿಂದಕ್ಕೆ ಬಿಡುತ್ತಿದ್ದ. ನೋಡಿದವರಿಗೆ ಬಿದ್ದೇಬಿಟ್ಟ ಎಂದು ಕಾಣಬೇಕು. ಬೀಳುತ್ತಿರಲಿಲ್ಲ, ಪರದೆಯ ಭಾರ ಅವನನ್ನು ಹಿಡಿದು ನಿಲ್ಲಿಸುತ್ತಿತ್ತು. ಹಾಗೇ ಹಿಮ್ಮಡಿಯಲ್ಲಿ ಹಿಂದೆ ಹಿಂದೆ ನಡೆದು, ಪರದೆ ಪೂರ್ತಿ ಮೇಲೆ ಹೋದಮೇಲೆ ನೆಲದಲ್ಲಿ ಕೂತುಬಿಡುತ್ತಿದ್ದ. ಅವನು ಕೂತಿರುವವರೆಗೆ ಪರದೆ ಮೇಲೆ. ಅವನು ಎದ್ದು ಮುಂದೆ ಬಂದರೆ ಮಾತ್ರ ಪರದೆ ಕೆಳಗೆ.

ಸುಳ್ಯದ ಕಡೆಯ ಗೌಡರ ಮನೆಯವನು. ಪ್ರಾಯದಲ್ಲಿ ಯಾವುದೋ ನಾಟಕ ತಂಡದವರ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದ. ಹೋಗುವಾಗ ಲಾರಿಯಲ್ಲಿ ಜಾಗ ಇಲ್ಲ, ಮತ್ತೆ ಕರೆಸುತ್ತೇವೆ ಎಂದು ಹೇಳಿ ಅವರು ಹೋದರು. ಕರೆಸಲಿಲ್ಲ. ವೇಷದವರು ಬಣ್ಣ ಹಚ್ಚುವ ಚೌಕಿಯ ಹಿಂದೆ ಸಣ್ಣದೊಂದು ಕೋಣೆ ಇತ್ತು, ಅದರಲ್ಲೇ ಉಳಿದ. ನನ್ನ ಯಜಮಾನರು ಮಹಾಗಣಪತಿ ಭಟ್ಟರು ಕಲಾಮಂದಿರದ ಹಾಲಿನ ಬದಿಯಲ್ಲಿ ಕ್ಯಾಂಟೀನು ಇಟ್ಟಿದ್ದರು, ಅವರು ತೀರಿಹೋದ ಮೇಲೆ ನಾನು ನಡೆಸಿದೆ. ಹಾಗಾಗಿ ಅವನನ್ನು ಬಲ್ಲೆ. ಒಳ್ಳೆಯವನೆಂದು ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಅವನ ಹೆಂಡತಿ ದುಗ್ಗಮ್ಮ ಅದೇ ಕೋಣೆಯಲ್ಲಿ ಬಾಳಿ ಅದೇ ಕೋಣೆಯಲ್ಲಿ ಸತ್ತಳು. ಅದೊಂದು ಆದಿತ್ಯವಾರ ಮಧ್ಯಾಹ್ನ. ತುಳು ನಾಟಕ ನಡೆಯುತ್ತಿತ್ತು, ಹಾಸ್ಯದ್ದು, ಹಾಲು ತುಂಬಿ ಜನ ಬಾಗಿಲಿನಲ್ಲಿ ನಿಂತಿದ್ದರು. ನಾನು ಗಂಜಿ ಕೊಂಡುಹೋದಾಗ ದುಗ್ಗಮ್ಮನ ಕಣ್ಣು ಮೇಲಾಗಿತ್ತು. ಓಡಿ ಬಂದು ರಂಗದ ಬದಿಯಲ್ಲಿ ಕೂತಿದ್ದ ದೇರಣ್ಣನ ಕಿವಿಯಲ್ಲಿ ಹೇಳಿದೆ.

“ದೇರಣ್ಣ, ಏಳಿ. ದುಗ್ಗಮ್ಮ ಹೋದಳು.”

ಅವನು ರಂಗದ ಮೇಲಿಂದ ಕಣ್ಣು ತೆಗೆಯಲಿಲ್ಲ. “ಇನ್ನೊಂದು ಸೀನು ಉಂಟು ಅಕ್ಕ” ಎಂದ.

“ಬೇರೆ ಯಾರಾದ್ರೂ ಹಿಡೀತಾರೆ, ಬನ್ನಿ ಮಾರಾಯ್ರೆ.”

“ಹೋದವಳು ಎಲ್ಲಿಗೆ ಹೋಗ್ತಾಳೆ? ಅಲ್ಲೇ ಇರ್ತಾಳೆ.”

ನಾಟಕ ಮುಗಿದು, ಜನ ಚಪ್ಪಾಳೆ ತಟ್ಟಿ, ಪರದೆ ಇಳಿಸಿ, ಹಗ್ಗ ಸುತ್ತಿಟ್ಟು ಆಮೇಲೆ ಬಂದ. ಅಷ್ಟರಲ್ಲಿ ದುಗ್ಗಮ್ಮನ ಕಣ್ಣು ನಾನೇ ಮುಚ್ಚಿಸಿದ್ದೆ. ಊರಲ್ಲಿ ಕೆಲವರು ಇದನ್ನು ದೊಡ್ಡ ನಿಷ್ಠೆ ಎಂದು ಹೊಗಳಿದರು. ಹೊಗಳಿದವರು ಯಾರೂ ದುಗ್ಗಮ್ಮನ ಜಾಗದಲ್ಲಿ ಮಲಗಿದವರಲ್ಲ.

ಇನ್ನೊಂದು ದಿನದ್ದು ಹೇಳಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು.

ಶಾಲೆಯೊಂದರ ವಾರ್ಷಿಕೋತ್ಸವ. ಹಾಲಿನ ಎದುರು ರವಕೆ ಹೊಲಿಯುತ್ತಿದ್ದ ದರ್ಜಿಯ ಮಗಳು ಶರ್ಮಿಳಾ, ಆಗ ಎರಡನೆಯ ಕ್ಲಾಸು, ನವಿಲಿನ ವೇಷದಲ್ಲಿ ಒಬ್ಬಳೇ ಕುಣಿಯಲಿಕ್ಕೆ ಬಂದಳು. ಅಪ್ಪ ಅಂಗಡಿಯ ತುಂಡುಬಟ್ಟೆಗಳನ್ನೆಲ್ಲ ಸೇರಿಸಿ ಬಾಲ ಹೊಲಿದಿದ್ದ. ಪರದೆ ಎದ್ದಿತು, ಕ್ಯಾಸೆಟ್ಟು ಎರಡು ಸಾಲು ಹಾಡಿ ನಿಂತುಹೋಯಿತು. ಮಗು ಹಾಡು ಬರುತ್ತದೆಂದು ಕೈ ಎತ್ತಿಕೊಂಡೇ ನಿಂತಿತು. ಬರಲಿಲ್ಲ. ಹೆದರಿಕೆಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನೀರು ಹಲಗೆಯ ಮೇಲೆ ಹರಿದು ಮುಂದಿನ ಬಲ್ಬುಗಳ ಕಡೆ ಬಂದಾಗ ಮೊದಲು ಮಕ್ಕಳು ನಕ್ಕವು, ಮತ್ತೆ ದೊಡ್ಡವರೂ ನಕ್ಕರು.

ಶೀಲಾವತಿ ಟೀಚರ್ ರಂಗದ ಬದಿಗೆ ಓಡಿಬಂದು ಕೂಗಿದಳು. “ಏಯ್, ಪರದೆ ಬಿಡು.”

ದೇರಣ್ಣ ಕೂತಲ್ಲಿಂದ ತಲೆ ತಿರುಗಿಸಿದ. “ಯಾರಿಗೆ ಟೀಚರೇ ಏಯ್ ಅಂದದ್ದು?”

“ಮೊದಲು ಬಿಡು ಮಾರಾಯ, ಮಗು ನಿಂತಿದೆ.”

“ಮರ್ಯಾದೆಯಲ್ಲಿ ಹೇಳಿ, ಏಳ್ತೇನೆ. ನಾನು ನಿಮ್ಮ ಮನೆಯ ಆಳಲ್ಲ.”

ಟೀಚರಿಗೂ ಸಿಟ್ಟು ಬಂತು. ಹಾಲು ಗುಡಿಸುವವನಿಗೆ ಬಹುವಚನ ಬೇಕಂತೆ ಎಂದು ಅವಳು, ಬಾಯಿ ತೊಳೆದು ಬನ್ನಿ ಎಂದು ಇವನು. ಇಬ್ಬರ ನಡುವೆ ಮಗು ದೀಪದ ಬೆಳಕಿನಲ್ಲಿ ಕೈ ಎತ್ತಿಕೊಂಡು ನಿಂತೇ ಇತ್ತು. ಕೊನೆಗೆ ಅಪ್ಪನೇ ಸಭೆಯಿಂದ ಹತ್ತಿ ಬಂದು ಎತ್ತಿಕೊಂಡು ಹೋದ. ಬಾಲ ಕಳಚಿ ಅಲ್ಲೇ ಬಿತ್ತು. ಕ್ಯಾಂಟೀನಿನ ಹಿಂದೆ ನಾನು ಮಗುವಿನ ಕಾಲು ತೊಳೆದು ಒಂದು ಟವೆಲು ಸುತ್ತಿ ಕಳಿಸಿದೆ. ಶಾಲೆ ಬಿಡುವವರೆಗೂ ಅವಳನ್ನು ಮಕ್ಕಳು “ನೀರುನವಿಲು” ಎಂದೇ ಕರೆದವು.

ನಾನು ಎದುರಿಗೆ ದೇರಣ್ಣನನ್ನು ನೀವು ಎಂದೇ ಕರೆಯುತ್ತಿದ್ದೆ. ಈಗ ಆಕ್ಷೇಪಿಸಲಿಕ್ಕೆ ಅವನಿಲ್ಲ. ಅವನು ಎಂದೇ ಬರೆಯುತ್ತಿದ್ದೇನೆ.

ವರ್ಷ ಹೋದ ಹಾಗೆ ಹಾಲಿಗೂ ಪ್ರಾಯವಾಯಿತು. ಹಂಚು ಜಾರಿ, ಮಳೆಗಾಲದಲ್ಲಿ ಭರತನಾಟ್ಯದವರು ಬಾಲ್ದಿಗಳ ನಡುವೆ ಕುಣಿಯಬೇಕಾಯಿತು. ಮಡಚುವ ಕುರ್ಚಿಗಳು ಕೂತವರ ಬೆರಳು ಕಚ್ಚುತ್ತಿದ್ದವು. ಹೆಂಗಸರ ಪಾಯಿಖಾನೆಗೆ ಚಿಲಕ ಇರಲಿಲ್ಲ, ಹೊರಗೆ ಒಬ್ಬಳು ಕಾವಲು ನಿಲ್ಲಬೇಕು. ಕೊನೆಗೆ ಅಡಿಕೆ ವ್ಯಾಪಾರದ ಹರಿಪ್ರಸಾದರು ಅಧ್ಯಕ್ಷರಾಗಿ ಜೀರ್ಣೋದ್ಧಾರ ಸಮಿತಿ ಆಯಿತು. ಕಾರ್ಯದರ್ಶಿ ಶರ್ಮಿಳಾ. ಅವಳೀಗ ವಕೀಲೆ, ಕೋರ್ಟು ರಸ್ತೆಯಲ್ಲಿ ಬೋರ್ಡು ಉಂಟು. ಏಸಿ, ಮೆತ್ತನೆಯ ಕುರ್ಚಿ, ಗುಂಡಿ ಒತ್ತಿದರೆ ಏಳುವ ಮೋಟರಿನ ಪರದೆ ಎಲ್ಲ ಬರುತ್ತದೆಂದು ಆಯಿತು.

ಎಲ್ಲರೂ ಖಾಲಿ ಮಾಡಿದೆವು. ನಾನೂ ನನ್ನ ಒಲೆ ಎತ್ತಿದೆ. ದೇರಣ್ಣ ಎತ್ತಲಿಲ್ಲ. ಒಂದು ಬೆಳಿಗ್ಗೆ ಕೆಲಸದವರು ಬಂದು ನೋಡಿದರೆ ಅವನು ಪರದೆ ಮೇಲೇರಿಸಿ, ಹಗ್ಗ ಸೊಂಟಕ್ಕೆ ಸುತ್ತಿಕೊಂಡು ರಂಗದ ಬದಿಯಲ್ಲಿ ಕೂತಿದ್ದಾನೆ. ಊಟಕ್ಕೆ ಏಳಲಿಲ್ಲ. ನಾನು ಚಹಾ ಕೊಂಡುಹೋಗಿ ಕೊಟ್ಟೆ, ಅದನ್ನು ಕೂತೇ ಕುಡಿದ.

ಹರಿಪ್ರಸಾದರು ಕೆಳಗೆ ನಿಂತು ಬೆವರು ಒರೆಸಿಕೊಂಡರು. “ಮುದುಕನನ್ನು ಎತ್ತಿ ಹೊರಗಿಡುವಾ ಅಂದ್ರೆ ಪೇಪರಿನವರು ಬರ್ತಾರೆ. ಬಿಡುವಾ ಅಂದ್ರೆ ಜೆಸಿಬಿ ಕಾಯ್ತಾ ಉಂಟು. ಎಂತ ಮಾಡುದು?”

“ನಾನು ಮಾತಾಡ್ತೇನೆ” ಎಂದಳು ಶರ್ಮಿಳಾ.

ಅವಳು ಮೆಟ್ಟಿಲಿನ ಬುಡದಲ್ಲಿ ಚಪ್ಪಲಿ ಬಿಟ್ಟು, ರಂಗಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹತ್ತಿದಳು. ಒಳ್ಳೆಯ ಸೀರೆ ಉಟ್ಟವಳು ಅವನ ಎದುರು ಧೂಳಿನ ನೆಲದಲ್ಲೇ ಕೂತಳು.

“ದೇರಣ್ಣ ಅವರೇ” ಎಂದಳು.

ಅದನ್ನು ಕೇಳಿಯೇ ಅವನ ಮುಖ ಅರ್ಧ ಸಡಿಲಾಯಿತು. “ಹೇಳಿ ಅಮ್ಮ.”

“ನಿಮ್ಮನ್ನು ಓಡಿಸುದಲ್ಲ. ಕೆಲಸ ಮುಗಿಯುವವರೆಗೆ ಮಾತ್ರ ದೂರ ಇರ್ಬೇಕು. ಉದ್ಘಾಟನೆಯ ದಿನ ಮೊದಲಿನ ಪರದೆ ನೀವೇ ಏರಿಸ್ಬೇಕು.”

“ಮೋಟರ್ ಬರ್ತದಂತಲ್ಲ?”

“ಮೋಟರೂ ಉಂಟು, ಹಗ್ಗವೂ ಉಂಟು.”

“ದೊಡ್ಡ ದೊಡ್ಡವರು ಬರ್ತಾರೆ. ಅವರಲ್ಲಿ ಯಾರಾದ್ರೂ ನಾನು ಎಳೀತೇನೆ ಅಂದ್ರೆ?”

“ಅವರಿಗೆ ದೀಪ ಉಂಟು, ರಿಬ್ಬನ್ ಉಂಟು. ಹಗ್ಗ ನಿಮ್ಮದು. ಆಮಂತ್ರಣದಲ್ಲಿ ನಿಮ್ಮ ಹೆಸರು ಹಾಕಿಸ್ತೇನೆ.”

ದೇರಣ್ಣ ಅವಳನ್ನೇ ನೋಡಿದ. ಅವಳೂ ಅವನನ್ನೇ ನೋಡುತ್ತ ಕೂತಳು, ಏನನ್ನೋ ಕಾಯುವವರ ಹಾಗೆ. ಅವನು ಎದ್ದ. ಮೆಲ್ಲ ಮುಂದೆ ಬಂದ. ಸರಸ್ವತಿ ಕೊನೆಯ ಸಲ ಕೆಳಗಿಳಿದಳು. ಹಗ್ಗ ಬಿಚ್ಚಿ, ಕೋಣೆಯ ಟ್ರಂಕು ಹಿಡಿದು ಅವನು ಹೊರಟ.

ಹೊರಗೆ ನಾನು ಶರ್ಮಿಳಾಳನ್ನು ತಡೆದೆ. “ನೀನು ದರ್ಜಿಯವರ ಮಗಳಲ್ವಾ?”

“ಹೌದು ವಸುಮತಿಯಕ್ಕ. ಅವತ್ತು ನೀವು ಟವೆಲು ಕೊಟ್ಟಿದ್ರಿ, ಹಸಿರು ಗೆರೆಯದ್ದು.”

“ಅವರಿಗೆ ನಿನ್ನ ಗುರ್ತ ಸಿಕ್ಕಿತಾ?”

“ಇಲ್ಲ. ಸಿಗ್ತದಾ ಅಂತ ಅಷ್ಟು ಹೊತ್ತು ಮುಖ ಕೊಟ್ಟು ಕೂತೆ. ಸಿಗಲಿಲ್ಲ.”

“ಆದ್ರೂ ನೀನು ಒಳ್ಳೆಯದನ್ನೇ ಮಾಡಿದಿ ಮಗಾ.”

ಅವಳು ಚಪ್ಪಲಿ ಹಾಕಿಕೊಂಡಳು.

ಹಳೆಯ ಸಾಮಾನನ್ನೆಲ್ಲ ಗುಜರಿ ವ್ಯಾಪಾರದ ಕುಂಬ್ರದ ಮಮ್ಮು ಲಾರಿಗೆ ಹಾಕಿಕೊಂಡ. ದೇರಣ್ಣ ಗೇಟಿನ ಹೊರಗೆ ನಿಂತು ನೋಡುತ್ತಿದ್ದ. ಪರದೆಯನ್ನು ನಾಲ್ಕು ಜನ ಹೊತ್ತು ತಂದಾಗ ಕೇಳಿದ.

“ಅದನ್ನೆಂತ ಮಾಡ್ತಿ ಮಮ್ಮು?”

“ಅಡಿಕೆ ಒಣಗಿಸ್ಲಿಕ್ಕೆ ಅಂಗಳಕ್ಕೆ ಹಾಸಿದ್ರೆ ಭಾರೀ ಲಾಯ್ಕ ಆಗ್ತದೆ.”

“ಸರಸ್ವತಿಯ ಮೇಲೆ?”

“ಛೆ, ನಾನು ಅಷ್ಟೂ ತಿಳಿಯದವನಾ? ಮಗುಚಿ ಹಾಕ್ತೇನೆ ಮಾರಾಯ. ಅವರು ಕೆಳಗೆ ಮಲಗಿ ವೀಣೆ ಬಾರಿಸ್ಲಿ.”

ಸುತ್ತ ಇದ್ದವರು ನಕ್ಕರು, ದೇರಣ್ಣನೂ ನಕ್ಕ. ಲಾರಿ ಹೊರಡುವಾಗ ಮಮ್ಮುವಿಗೆ ಏನೆನಿಸಿತೋ, ಇಳಿದು ಬಂದು ಹಳೆಯ ಹಗ್ಗವನ್ನು ಅವನ ಕೈಯಲ್ಲಿಟ್ಟ. “ಇದು ನನಗೆ ಯಾವ ಕೆಲಸಕ್ಕೂ ಬರುದಿಲ್ಲ. ನಿಮ್ಮ ಬೆವರಿನ ವಾಸನೆ” ಎಂದ.

ದೇರಣ್ಣ ಕೆದಂಬಾಡಿಗೆ ಹೋಗಿ ತಂಗಿಯ ಮಗನ ಮನೆಯಲ್ಲಿ ಇದ್ದ. ಅಲ್ಲಿ ಒಂದು ಹಲಸಿನ ಮರಕ್ಕೆ ಆ ಹಗ್ಗ ಹಾಕಿ, ಇನ್ನೊಂದು ತುದಿಗೆ ಮರಳು ತುಂಬಿದ ಗೋಣಿ ಕಟ್ಟಿ, ದಿನವೂ ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ಬೀಳುವ ಅಭ್ಯಾಸ ಮಾಡುತ್ತಿದ್ದನಂತೆ. ಮೈಗೆ ಅಭ್ಯಾಸ ತಪ್ಪಿದರೆ ಉದ್ಘಾಟನೆಯ ದಿನ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದನಂತೆ. ಒಮ್ಮೆ ನಾನು ಹೋದಾಗ ತಂಗಿಯ ಮಗನ ಹೆಂಡತಿ, ಯಶಸ್ವಿ ಎಂಬವಳು, ದೂರು ಹೇಳಿದಳು.

“ಮಾವ ಮರಕ್ಕೆ ಹಗ್ಗ ಕಟ್ಟಿದ್ದು ನೋಡಿ ಕೆಳಗಿನ ಮನೆಯವರು ಓಡಿ ಬಂದ್ರು, ನೇಣು ಹಾಕ್ಕೊಳ್ಳುದು ಅಂತ. ಅಲ್ಲ ಅಂತ ಹೇಳ್ಲಿಕ್ಕೆ ನನಗೆ ಮನಸ್ಸೇ ಬರ್ಲಿಲ್ಲ.”

ದೇರಣ್ಣನಿಗೆ ಕೇಳಿಸುವ ಹಾಗೆಯೇ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕಿಬ್ಬೊಟ್ಟೆಯಲ್ಲಿ ಹರ್ನಿಯ ಇಳಿದು, ನಿಂತಾಗ ಪಂಚೆಯ ಒಳಗೆ ಮುಷ್ಟಿಯಷ್ಟು ಉಬ್ಬು ಕಾಣುತ್ತಿತ್ತು. ಭಾರ ಎಳೆಯಬಾರದು, ಬೇಗ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು.

“ಪರದೆ ಏರಲಿ, ಮತ್ತೆ ಮಾಡಿಸ್ತೇನೆ” ಎಂದ.

“ನಿಮಗೆ ಮರ್ಲಾ ದೇರಣ್ಣ, ತಲೆ ಕೆಟ್ಟಿತಾ? ಅಲ್ಲಿ ಮೋಟರ್ ಉಂಟು” ಎಂದೆ.

“ಹಗ್ಗವೂ ಉಂಟು ಅಂತ ಆ ಅಮ್ಮ ಬಾಯಿಬಿಟ್ಟು ಹೇಳಿದ್ದಾರೆ. ವಕೀಲರು. ಸುಮ್ಮನೆ ಹೇಳುದಿಲ್ಲ.”

ಆಮಂತ್ರಣ ಬಂತು. ಹೆಸರುಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗೆ, ಅಡಿಗೆಯವರ ಹೆಸರಿನ ನಂತರ, “ಪ್ರಥಮ ಪರದೆ ಸೇವೆ: ಶ್ರೀ ದೇರಣ್ಣ ಗೌಡ” ಎಂದಿತ್ತು. ಅದನ್ನು ಹಿಡಿದುಕೊಂಡು ಅವನು ಕುಂಬ್ರದ ಅಂಗಡಿ ಅಂಗಡಿಗೆ ಹೋಗಿ ತೋರಿಸಿದ. ಜನ ಓದಿ, ಅಡಿಗೆಯವರ ಹೆಸರಿನ ಬಗ್ಗೆ ವಿಚಾರಿಸಿದರು.

ಉದ್ಘಾಟನೆಯ ದಿನ ಬೆಳಿಗ್ಗೆ ಅವನು ನನ್ನನ್ನೂ ಕರೆದುಕೊಂಡು ಹೋದ. ಹಾಲಿನೊಳಗೆ ಕಾಲಿಟ್ಟರೆ ಕನ್ನಡಿಯ ಮೇಲೆ ನಡೆದ ಹಾಗೆ. ಹಂಚು ಕಾಣದ ಹಾಗೆ ಅಡಿಯಲ್ಲಿ ಬಿಳೀ ಹಲಗೆಯ ಮಾಳಿಗೆ ಕಟ್ಟಿದ್ದರು, ಅದರಲ್ಲಿ ಸಣ್ಣ ಸಣ್ಣ ದೀಪಗಳು. ನನ್ನ ಕ್ಯಾಂಟೀನು ಇದ್ದಲ್ಲಿ ಕಾಫಿಯ ಮಿಷನ್ ಇಟ್ಟು, ಪೇಪರು ಕಪ್ಪು ಜೋಡಿಸಿದ್ದರು. ಚೌಕಿ ಈಗ ಚೌಕಿ ಅಲ್ಲ, ಗ್ರೀನ್ ರೂಮು. ಅಲ್ಲಿ ಗಣಪತಿಯ ಪಟವನ್ನು ಸ್ವಿಚ್ಚು ಬೋರ್ಡಿನ ಮೇಲೆ ತೂಗಿಸಿದ್ದರು.

“ದೀಪ ಹಚ್ಚಿ ಆಯ್ತಾ?” ಎಂದು ದೇರಣ್ಣ ಮೊದಲು ಕೇಳಿದ್ದು ಅದನ್ನೇ. ಚೌಕಿಯ ಗಣಪತಿಗೆ ದೀಪ ಬೆಳಗುವ ಮೊದಲು ಅವನು ಯಾವತ್ತೂ ಹಗ್ಗ ಮುಟ್ಟಿದವನಲ್ಲ. ನೋಡಲಿಕ್ಕೂ ಮುಟ್ಟುತ್ತಿರಲಿಲ್ಲ, ಗಟ್ಟಿ ಉಂಟಾ ಎಂದು ಎಳೆದು ನೋಡಲಿಕ್ಕೂ ಇಲ್ಲ. ಮುಟ್ಟಿದರೆ ಅವತ್ತಿನ ಆಟ ಕೆಡುತ್ತದೆಂದು ಅವನ ನಂಬಿಕೆ. ದೀಪ ಹಚ್ಚಬೇಕಾದ ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿ, ಮಾಣಿ ಪೇಟೆಯಲ್ಲಿ, ಉಪಾಹಾರ ಮಾಡುತ್ತಿದ್ದರು.

ರಂಗದಲ್ಲಿ, ಮುಚ್ಚಿದ ಹೊಸ ಪರದೆಯ ಒಳಬದಿಗೆ, ನಟ್ಟನಡುವೆ ಮೇಲಿನಿಂದ ಒಂದು ಬಿಳೀ ಹಗ್ಗ ಇಳಿದಿತ್ತು. ಅದಕ್ಕೆ ತುದಿಯವರೆಗೆ ಮಲ್ಲಿಗೆ, ಸೇವಂತಿಗೆ ಸುತ್ತಿದ್ದರು. ಅಲಂಕಾರದ ಕೆಲಸ ವಹಿಸಿಕೊಂಡಿದ್ದ ರೂಪೇಶ್ ಹೂವಿನ ಬುಟ್ಟಿ ಹಿಡಿದು ಅತ್ತ ಇತ್ತ ಓಡುತ್ತಿದ್ದ.

ದೇರಣ್ಣ ಹಗ್ಗದ ಸುತ್ತ ಒಂದು ಪ್ರದಕ್ಷಿಣೆ ಬಂದ. “ನಡುವಿನಲ್ಲಿ ಯಾಕೆ? ಬದಿಯಲ್ಲಿ ಇರ್ಬೇಕು. ಪರದೆ ಎಳೆಯುವವನನ್ನು ಜನ ನೋಡ್ಬಾರ್ದು.”

ಶರ್ಮಿಳಾ ಅಲ್ಲೇ ಇದ್ದಳು. ರೇಷ್ಮೆ ಸೀರೆ, ಎದೆಯಲ್ಲಿ ಸಮಿತಿಯ ಬ್ಯಾಡ್ಜು. “ಇವತ್ತು ಜನ ನೋಡ್ಲಿ ದೇರಣ್ಣ ಅವರೇ. ಪರದೆ ಏಳುವಾಗ ನೀವೇ ಮೊದಲು ಕಾಣ್ಬೇಕು.”

“ಹೇಗೆ ಎಳೀಬೇಕು? ಹೊಸ ಕ್ರಮ ಎಂತಾದ್ರೂ ಉಂಟಾ?”

“ಎಂತ ಇಲ್ಲ. ಯಾವಾಗ್ಲೂ ಎಳೆಯುವ ಹಾಗೇ ಎಳೀರಿ.”

ದೀಪ ಬೆಳಗಿದರು. ದೇರಣ್ಣನಿಗೆ ಮೈಸೂರು ಪೇಟ ಇಟ್ಟು, ಹೊಸ ಪಂಚೆಯ ಮೇಲೆ ಶಾಲು ಹೊದೆಸಿ ರಂಗದ ನಡುವೆ ನಿಲ್ಲಿಸಿದರು. ನಾನು ಎಡದ ಬದಿಯಲ್ಲಿ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದೆ. ಬಲದ ಬದಿಯಲ್ಲಿ ಶರ್ಮಿಳಾ. ಅವಳ ಕೈಯಲ್ಲಿ ಟಿವಿಯದ್ದರ ಹಾಗೆ ಒಂದು ರಿಮೋಟು ಇತ್ತು. ಪರದೆಯ ಆಚೆ ಹಾಲು ಗಿಜಿಗುಡುತ್ತಿತ್ತು. ಮೈಕಿನವನು ಹೇಳಿದ, ಇದೀಗ ನಮ್ಮ ಹಿರಿಯರಾದ ಶ್ರೀ ದೇರಣ್ಣ ಗೌಡರಿಂದ ಪ್ರಥಮ ಪರದೆ ಸೇವೆ.

ಅವನು ಹಗ್ಗಕ್ಕೆ ಕೈ ಮುಗಿದ. ಶಾಲು ತೆಗೆದು ಬದಿಗಿಟ್ಟ. ಹೂವು ಉದುರುವ ಹಾಗೆ ಹಗ್ಗವನ್ನು ಸೊಂಟಕ್ಕೆ ಸುತ್ತಿದ, ಆ ಕಪ್ಪು ಗೆರೆಯ ಮೇಲೆಯೇ. ಒಮ್ಮೆ ನನ್ನ ಕಡೆ ನೋಡಿದ. ಕಣ್ಣು ಮುಚ್ಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟ.

ಹಗ್ಗವನ್ನು ಯಾವುದಕ್ಕೂ ಕಟ್ಟಿರಲಿಲ್ಲ. ಮಾಳಿಗೆಯ ಹಲಗೆಗೆ ಒಂದು ಕೊಕ್ಕೆಯಲ್ಲಿ ಸಿಕ್ಕಿಸಿದ್ದರು, ಹೂವಿನ ಭಾರ ಹೊರುವಷ್ಟು. ಅದು ಹಲಗೆಯ ತುಂಡಿನ ಸಮೇತ ಕಳಚಿ ಬಂತು. ಅವನನ್ನು ಹಿಡಿದು ನಿಲ್ಲಿಸುವ ಭಾರ ಈ ಸಲ ಇರಲಿಲ್ಲ. ಬೆನ್ನು, ತಲೆ ಎರಡೂ ಒಟ್ಟಿಗೆ ನೆಲಕ್ಕೆ ಬಡಿದವು. “ಅವ್ವಾ” ಎಂದ. ಪೇಟ ಉರುಳಿ ಹೋಯಿತು, ಪಂಚೆ ಬಿಚ್ಚಿತು, ಮೈಮೇಲೆ ಹಗ್ಗ, ಹೂವು, ಬಿಳೀ ಹುಡಿ. ಹರ್ನಿಯದ ಉಬ್ಬು ಲಂಗೋಟಿಯ ಬದಿಯಿಂದ ಹೊರಗೆ ಕಾಣುತ್ತಿತ್ತು.

ಪರದೆ ಇನ್ನೂ ಮುಚ್ಚಿಯೇ ಇತ್ತು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಆಚೆಯ ಜನ ಏನನ್ನೂ ಕಂಡಿರಲಿಲ್ಲ. ಶರ್ಮಿಳಾ ಅವನನ್ನು ಪೂರ್ತಿಯಾಗಿ ನೋಡಿದಳು, ತಲೆಯಿಂದ ಕಾಲಿನವರೆಗೆ. ಆಮೇಲೆ ಹೆಬ್ಬೆರಳು ಒತ್ತಿದಳು.

ಪರದೆ ಸದ್ದಿಲ್ಲದೆ ಎದ್ದಿತು. ಬಣ್ಣಬಣ್ಣದ ದೀಪ ಹತ್ತಿತು. ಎಲ್ಲೋ ಹಿಂದಿನಿಂದ ಒಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು. ಇಡೀ ಹಾಲು ನಕ್ಕಿತು. ಕಾರ್ಯಕ್ರಮದಲ್ಲಿ ಮೊದಲು ಹಾಸ್ಯ ಇಟ್ಟಿದ್ದಾರೆಂದು ಕೆಲವರು ಚಪ್ಪಾಳೆ ತಟ್ಟಿದರು, ಅದನ್ನು ನೋಡಿ ಉಳಿದವರೂ ತಟ್ಟಿದರು. ಮುಂದಿನ ಸಾಲಿನ ಅತಿಥಿಗಳು ಕಣ್ಣೊರೆಸಿಕೊಂಡು ನಗುತ್ತಿದ್ದರು. ಮೊಬೈಲುಗಳು ಮೇಲೆದ್ದವು.

ದೇರಣ್ಣ ಏಳಲಿಕ್ಕೆ ನೋಡಿದ, ಆಗಲಿಲ್ಲ. ಕತ್ತು ತಿರುಗಿಸಿ ಬಲದ ಬದಿಗೆ ನೋಡಿ, “ಇಳಿಸಿ ಅಮ್ಮ” ಎಂದ. “ಪರದೆ ಇಳಿಸಿ.”

ಮರ್ಯಾದೆಯಲ್ಲೇ ಕೇಳಿದ. ಅವಳು ರಿಮೋಟು ಹಿಡಿದ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಸುಮ್ಮನೆ ನಿಂತಳು.

ನಾನು ತಟ್ಟೆ ಕೆಳಗಿಟ್ಟು ಓಡಿದೆ. ಹೆಗಲಿನ ಟವೆಲನ್ನು ಅವನ ಸೊಂಟಕ್ಕೆ ಮುಚ್ಚಿದೆ. ನಾನು ಓಡಿಬಂದ ರೀತಿಗೆ ಜನ ಇನ್ನೊಮ್ಮೆ ನಕ್ಕರು. ಆಮೇಲೆ ಹರಿಪ್ರಸಾದರು, ರೂಪೇಶ್ ಎಲ್ಲ ಬಂದು ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಗಾದರೂ ಬಿಟ್ಟರೇ ಎಂದರೆ ಇಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಸನ್ಮಾನ ಎಂದು ಬರೆದಿದೆ, ಮಾಡದೆ ಬಿಟ್ಟರೆ ಸರಿಯಲ್ಲ ಎಂದು ಅಲ್ಲೇ ಹಾರ ಹಾಕಿ, ಹಣ್ಣಿನ ಬುಟ್ಟಿ ಮಡಿಲಿಗಿಟ್ಟು, ಬಿದ್ದ ಪೇಟವನ್ನು ಹುಡಿ ಕೊಡವಿ ಮತ್ತೆ ತಲೆಗಿಟ್ಟರು. ಬುಟ್ಟಿಯನ್ನು ಇಟ್ಟದ್ದು ಸರಿಯಾಗಿ ಹರ್ನಿಯದ ಮೇಲೆ. ಅವನು ಹಲ್ಲು ಕಚ್ಚಿಕೊಂಡು ಕೂತ. ಫೋಟೋದಲ್ಲಿ ಅದು ನಗು ಎಂದೇ ಕಾಣುತ್ತದೆ.

ಬಾಗಿಲಿನಲ್ಲಿ ರೂಪೇಶ್ ನನ್ನ ಹತ್ತಿರ ಬಂದು ಅಳುವ ಹಾಗೆ ಹೇಳಿದ. “ಅದು ಫೋಟೋಕ್ಕೆ ಇಟ್ಟ ಹಗ್ಗ ಅಕ್ಕ. ಹಿಡ್ಕೊಂಡು ನಿಲ್ಲಿಕ್ಕೆ ಮಾತ್ರ. ಎಳೆಯುದು ಬೇಡ ಅಂತ ಅವರಿಗೆ ಹೇಳಿ ಅಂತ ನಾನು ಮೇಡಮಿಗೆ ಎರಡೆರಡು ಸಲ ಹೇಳಿದ್ದೆ. ಹೇಳ್ತೇನೆ ಅಂದಿದ್ರು.”

ಸಂಜೆಯೊಳಗೆ ಆ ವಿಡಿಯೋ ಸುಳ್ಯ, ಕಡಬ ದಾಟಿ ಹೋಗಿತ್ತು. ಯಾರೋ ಅದಕ್ಕೆ ಚೆಂಡೆ ಪೆಟ್ಟು ಸೇರಿಸಿದ್ದರು.

ಅವನನ್ನು ಆಸ್ಪತ್ರೆಗೆ ಹಾಕಿ, ಒಳಗೆ ಕರುಳು ಸಿಕ್ಕಿಕೊಂಡಿದೆ ಎಂದು ಕೊಯ್ದರು. ಅದರ ನಂತರ ಅವನು ಎದ್ದು ನಡೆದದ್ದಿಲ್ಲ. ಕೆದಂಬಾಡಿಯ ಜಗಲಿಯಲ್ಲಿ ಮಲಗಿಸಿದ್ದರು. ನಾನು ಹೋದಾಗ ಯಶಸ್ವಿ ಅವನ ಬೆಡ್‌ಶೀಟು ಬದಲಿಸುತ್ತ, “ಇವರಿಗೆ ಸನ್ಮಾನ, ಬಟ್ಟೆ ಒಗೆಯುದು ನಾನು” ಎಂದು ಹೇಳಿ ಒಳಗೆ ಹೋದಳು.

ದೇರಣ್ಣ ಕೇಳಿದ. “ಅಕ್ಕ, ಆ ಅಮ್ಮ ಯಾಕೆ ಇಳಿಸ್ಲಿಲ್ಲ? ಕೈಯಲ್ಲೇ ಇತ್ತಲ್ಲ.”

ನಾನು ಹೇಳಿದೆ. ದರ್ಜಿಯ ಮಗಳು, ನವಿಲಿನ ವೇಷ, ನಿಂತ ಕ್ಯಾಸೆಟ್ಟು, ಹರಿದ ನೀರು, ಅಪ್ಪ ಬಂದು ಎತ್ತಿಕೊಂಡು ಹೋದದ್ದು. ಅವನು ಮಾಡಿನ ಹಂಚು ನೋಡುತ್ತ ಕೇಳಿದ. ತುಂಬ ಹೊತ್ತು ನೆನಪಿನಲ್ಲಿ ಹುಡುಕಿದ.

“ಶೀಲಾವತಿ ಟೀಚರ್” ಎಂದ ಕೊನೆಗೆ. “ನನಗೆ ಏಯ್ ಅಂದವಳು. ನೀಲಿ ಸೀರೆ ಉಟ್ಟಿದ್ದಳು. ಅದು ಸರಿಯಾಗಿ ನೆನಪುಂಟು.”

“ಮಗು?”

“ಮಗು ಗಿಗು ನೆನಪಿಲ್ಲ ಅಕ್ಕ. ಎಷ್ಟು ಮಕ್ಕಳು ಬರ್ತಿದ್ವು.”

ಮತ್ತೆ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ನೋಡಿದ. “ಆದ್ರೆ ಅವಳು ಇಳಿಸದೆ ಇದ್ದದ್ದು ಸರಿ. ಅವಳ ಜಾಗದಲ್ಲಿ ನಾನಾದ್ರೂ ಇಳಿಸ್ತಿರ್ಲಿಲ್ಲ.”

ಅದನ್ನು ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಕೆಲಸ ಬಲ್ಲ ಒಬ್ಬ ಇನ್ನೊಬ್ಬನ ಕೆಲಸವನ್ನು ಒಪ್ಪಿಕೊಳ್ಳುವ ಹಾಗೆ ಹೇಳಿದ. ಮಳೆಗಾಲದ ಆಟಿ ತಿಂಗಳು ಹುಟ್ಟುವ ಮೊದಲು ಸತ್ತ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ದಿನ ಶರ್ಮಿಳಾ ಕಾರಿನಲ್ಲಿ ಬಂದಳು, ಸಮಿತಿಯ ಲೆಕ್ಕದಲ್ಲಿ. ಅವನ ಫೋಟೋಕ್ಕೆ ಹೂವು ಹಾಕಿದಳು. ಉದ್ಘಾಟನೆಯ ಫೋಟೋವನ್ನೇ ಕತ್ತರಿಸಿ ಕಟ್ಟು ಹಾಕಿಸಿದ್ದರು, ಪೇಟ ಇಟ್ಟುಕೊಂಡು ಹಲ್ಲು ಕಚ್ಚಿದ್ದು. ಊಟಕ್ಕೆ ನಿಲ್ಲಲಿಲ್ಲ. ಅಂಗಳದಲ್ಲಿ ನನ್ನನ್ನು ಕರೆದಳು.

“ವಸುಮತಿಯಕ್ಕ, ನೀವು ಅವರಿಗೆ ನಾನು ಯಾರಂತ ಹೇಳಿದ್ರಂತೆ.”

“ಹೇಳಿದೆ.”

“ಎಂತ ಅಂದ್ರು?”

“ನೀನು ಇಳಿಸದೆ ಇದ್ದದ್ದು ಸರಿ ಅಂದ್ರು.”

ಅವಳು ಕಾರಿನ ಬಾಗಿಲಿಗೆ ಕೈ ಕೊಟ್ಟು ನಿಂತಳು. ಬೆರಳಲ್ಲಿ ಬೀಗದ ಕೈ ತಿರುಗುತ್ತಿತ್ತು. ಮತ್ತೆ ಸಣ್ಣ ಸ್ವರದಲ್ಲಿ ಕೇಳಿದಳು.

“ಹಾಗಾದ್ರೆ ನನ್ನ ನೆನಪಾಯ್ತಾ ಅವರಿಗೆ?”

ಆ ಮುಖ ನನಗೆ ಗೊತ್ತಿತ್ತು. ಕೈ ಎತ್ತಿಕೊಂಡು, ಹಾಡು ಈಗ ಬರುತ್ತದೆ ಎಂದು ಕಾಯುವ ಮುಖ. ಹೌದು ಎಂದು ಒಂದು ಮಾತು ಹೇಳಿದ್ದರೆ ಅವಳು ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದಳು.

“ಇಲ್ಲ” ಎಂದೆ. “ಟೀಚರಿನ ನೆನಪಿತ್ತು. ಅವಳ ಸೀರೆಯ ಬಣ್ಣ ಕೂಡ ನೆನಪಿತ್ತು. ಮಗುವಿನದ್ದು ನೆನಪೇ ಇರಲಿಲ್ಲ.”

ಅವಳು ಕಾರು ಹತ್ತಿದಳು. ಕಾರು ಅಂಗಳದಲ್ಲಿ ತಿರುಗಲಿಕ್ಕೆ ಜಾಗ ಸಾಲದೆ ಎರಡು ಮೂರು ಸಲ ಹಿಂದೆ ಮುಂದೆ ಮಾಡಿ ಹೋಯಿತು. ಒಳಗೆ ಎಲೆ ಹಾಕಿದ್ದರು. ನಾನು ಹೋಗಿ ಕೂತೆ.